ಹಾವಿಗೂ ಜಾತಿ ಕಟ್ಟಿದವರು

ಹಾವಿಗೆ ಜಾತಿ ಇದೆಯೇ ಗೆಳೆಯರೇ?

ನಗಬೇಡಿ. ಈ ಪ್ರಶ್ನೆ ಹುಟ್ಟಿಸಿದವರು ನಾವಲ್ಲ. ಮೊನ್ನೆ ಮಣಿಪಾಲದಲ್ಲಿ ಗೆಳೆಯನೊಬ್ಬನ ಬಾಡಿಗೆ ಕೋಣೆಗೆ ಹೋಗಿದ್ದೆವು. ಅಲ್ಲಿ ಇಂಜಿನಿಯರಿಂಗ್ ಓದುವ ನಾಲ್ಕು ಹುಡುಗರು ದಾಳ ಉರುಳಿಸಿ ಆಡುತ್ತಿದ್ದರು. ಅಮೆರಿಕದ ಆಟ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಹೆಸರು. ಇಲ್ಲದ ಒಂದು ಲೋಕವನ್ನು ಬಾಯಿಮಾತಿನಲ್ಲೇ ಕಟ್ಟಿ, ಅದರೊಳಗೆ ತಾವೇ ಒಂದೊಂದು ಪಾತ್ರವಾಗಿ ಆಡುವುದು. ಆ ಲೋಕದಲ್ಲಿ ಯುವಾನ್-ಟಿ ಎಂಬ ಸರ್ಪಜನ ಇದ್ದಾರೆ. 1981ರಲ್ಲಿ ಆಟದೊಳಗೆ ಬಂದವರು. ಅವರಲ್ಲಿ ಮೂರು ದರ್ಜೆ. ಹೆಚ್ಚು ಹಾವಾಗಿರುವವರು ಮೇಲೆ. ಅರ್ಧ ಹಾವು ಅರ್ಧ ಮನುಷ್ಯರು ನಡುವೆ. ಮನುಷ್ಯರ ಹಾಗೇ ಕಾಣುವವರು ತೀರಾ ಕೆಳಗೆ. ತಮಾಷೆ ನೋಡಿ, ಆ ತೀರಾ ಕೆಳಗಿನವರಿಗೇ 'ಶುದ್ಧರಕ್ತದವರು' ಎಂದು ಹೆಸರು!

ಒಬ್ಬ ಹುಡುಗ ತಲೆಯೆತ್ತಿ ಕೇಳಿದ: "ನೀವೂ ಬನ್ನಿ, ಒಂದು ಪಾತ್ರ ತಗೊಳ್ಳಿ. ಯಾವ ಜಾತಿಯ ಹಾವು ಆಗ್ತೀರಿ?"

ಹುಡುಗನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ 'ಯಾವ ಜಾತಿ' ಎಂಬ ಎರಡು ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮಂಥವರ ಹೊಟ್ಟೆಯೊಳಗೆ ಒಂದು ಗಂಟು ಬೀಳ್ತದೆ. ಶಾಲೆಗೆ ಸೇರಿದ ದಿನದಿಂದ ಬಿದ್ದ ಗಂಟು ಅದು. "ನೋಡ್ತಾ ಕೂತಿರ್ತೇವೆ" ಅಂತ ಹೇಳಿ ಮೂಲೆಯಲ್ಲಿ ಕೂತೆವು. ಕೂತಲ್ಲೇ ಯೋಚನೆ ಹತ್ತಿತು. ಇಲ್ಲದ ಲೋಕ ಕಟ್ಟುವವನಿಗೆ ಯಾವ ಅಡ್ಡಿಯೂ ಇಲ್ಲ. ಹಾವನ್ನು ನಡೆಸಬಹುದು, ಮಾತಾಡಿಸಬಹುದು, ಪಟ್ಟಕ್ಕೆ ಕೂರಿಸಬಹುದು. ಇಷ್ಟೆಲ್ಲ ಸ್ವಾತಂತ್ರ್ಯ ಇದ್ದೂ ಮೇಲು-ಕೀಳಿಲ್ಲದ ಒಂದು ಜನವನ್ನು ಕಲ್ಪಿಸುವುದು ಅವನಿಗೆ ಯಾಕೆ ಕಷ್ಟವಾಯಿತು? ಕಲ್ಪನೆಯ ಒಳಗೂ ಜಾತಿ ಹೊಕ್ಕು ಕೂತಿದೆಯಾದರೆ ಅದು ಬರೀ ಸಮಾಜಶಾಸ್ತ್ರದ ವಿಷಯವಲ್ಲ, ಸಾಹಿತ್ಯ ವಿಮರ್ಶೆಯ ವಿಷಯ.

ಅಮೆರಿಕದವರನ್ನು ಬೈದು ನಾವು ಪಾರಾಗುವ ಹಾಗಿಲ್ಲ. ಅವರಿಗಿಂತ ಎಷ್ಟೋ ಶತಮಾನ ಮೊದಲೇ ನಮ್ಮ ದೇಶದ ಪಂಡಿತರು ಹಾವಿಗೆ ಜಾತಿ ಕಟ್ಟಿದ್ದಾರೆ. ಅವರು ಕಟ್ಟಿದ್ದು ಆಟಕ್ಕಲ್ಲ, ಶಾಸ್ತ್ರಕ್ಕೆ. ಸುಶ್ರುತ ಸಂಹಿತೆಯಲ್ಲಿ ಕಲ್ಪಸ್ಥಾನವೆಂಬ ಭಾಗ ವಿಷಕ್ಕೆ ಸಂಬಂಧಪಟ್ಟದ್ದು. ಅದರ ನಾಲ್ಕನೆಯ ಅಧ್ಯಾಯ ಹಾವು ಕಚ್ಚುವುದರ ಬಗ್ಗೆ. ಅಲ್ಲಿ ಮೊದಲು ಒಂದು ವಿಂಗಡಣೆ ಬರ್ತದೆ: ಸೌಟಿನಂಥ ಹೆಡೆಯುಳ್ಳವು ದರ್ವೀಕರ, ಮೈಮೇಲೆ ಬಳೆಬಳೆ ಗುರುತುಳ್ಳವು ಮಂಡಲಿ, ಪಟ್ಟೆಗೆರೆ ಉಳ್ಳವು ರಾಜಿಮಂತ. ಇದು ಕಣ್ಣಿಟ್ಟು ನೋಡಿದವನ ಮಾತು. ನಮ್ಮ ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ಈ ಮೂರರಲ್ಲಿ ಒಂದೊಂದಕ್ಕೆ ಸರಿಯಾಗಿ ಹೊಂದುತ್ತವೆ. ಇದಕ್ಕೆ ನಾವು ತಲೆಬಾಗುತ್ತೇವೆ. ಹಾವು ನೋಡದೆ ಹೀಗೆ ಬರೆಯಲಿಕ್ಕೆ ಆಗುವುದಿಲ್ಲ.

ಆದರೆ ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಹೋಗಿ. ಹಾವುಗಳು ನಾಲ್ಕು ವರ್ಣವಾಗಿ ನಿಂತಿರುತ್ತವೆ! ಮುತ್ತಿನ, ಬೆಳ್ಳಿಯ, ಬಂಗಾರದ ಬಣ್ಣದ, ಸುವಾಸನೆ ಬೀರುವ ಹಾವು ಬ್ರಾಹ್ಮಣ. ನುಣುಪು ಮೈಯ, ಬೇಗ ಸಿಟ್ಟಾಗುವ, ಸೂರ್ಯ-ಚಂದ್ರರ ಗುರುತುಳ್ಳ ಹಾವು ಕ್ಷತ್ರಿಯ. ಕಪ್ಪು, ಕೆಂಪು, ಹೊಗೆ, ಪಾರಿವಾಳದ ಬಣ್ಣದವು ವೈಶ್ಯ. ಎಮ್ಮೆಯ ಬಣ್ಣದ, ಒರಟು ಚರ್ಮದ ಹಾವು ಶೂದ್ರ. ಸ್ವಾಮಿ, ಹಾವಿಗೆ ಸುವಾಸನೆ ಎಲ್ಲಿಂದ ಬಂತು? ಹತ್ತಿರ ಹೋಗಿ ಮೂಸಿ ನೋಡಿದವರು ಯಾರು? ಎಮ್ಮೆಯ ಬಣ್ಣ, ಒರಟು ಚರ್ಮ ಎಂದದ್ದು ಹಾವಿನ ವರ್ಣನೆಯೋ, ಬಿಸಿಲಲ್ಲಿ ಗದ್ದೆ ಉಳುವವನ ವರ್ಣನೆಯೋ? ಹೆಡೆ, ಬಳೆ, ಪಟ್ಟೆ ನೋಡಿದ ಕಣ್ಣು ಒಂದು. ಈ ನಾಲ್ಕನ್ನು ಬರೆದ ಕಣ್ಣು ಇನ್ನೊಂದು. ಮೊದಲಿನದು ಹಾವನ್ನು ನೋಡಿತು. ಎರಡನೆಯದು ತನ್ನ ಅಗ್ರಹಾರದ ಬೀದಿಯನ್ನು, ಅದರಾಚೆಯ ಗದ್ದೆಯನ್ನು ನೋಡಿ ಹಾವಿನ ಮೇಲೆ ಬರೆಯಿತು. ಇನ್ನೊಂದು ಮಾತು: ಈ ನಾಲ್ಕರಲ್ಲಿ ಅಸ್ಪೃಶ್ಯ ಹಾವು ಇಲ್ಲ. ನಮ್ಮನ್ನು ಊರ ಹೊರಗೆ ಇಟ್ಟವರು ಹಾವಿನ ಪಟ್ಟಿಯಿಂದಲೂ ಹೊರಗೇ ಇಟ್ಟರು.

ಪುರಾಣಕ್ಕೆ ಬನ್ನಿ. ಅಗ್ನಿಪುರಾಣದಲ್ಲಿ ಎಂಟು ಮಹಾನಾಗರನ್ನು ವರ್ಣಕ್ಕೆ ಎರಡೆರಡರಂತೆ ಹಂಚಿದ್ದಾರೆ. ವಿಷವೈದ್ಯದ ತಂತ್ರಗ್ರಂಥಗಳು ಹೆಸರು ಹಿಡಿದೇ ಹೇಳುತ್ತವೆ: ಅನಂತ ಮತ್ತು ಗುಳಿಕ ಬ್ರಾಹ್ಮಣರು, ವಾಸುಕಿ ಮತ್ತು ಶಂಖಪಾಲ ಕ್ಷತ್ರಿಯರು, ತಕ್ಷಕ ಮತ್ತು ಮಹಾಪದ್ಮ ವೈಶ್ಯರು, ಪದ್ಮ ಮತ್ತು ಕರ್ಕೋಟಕ ಶೂದ್ರರು. ಸರಿ. ಈಗ ಮಹಾಭಾರತದ ಆದಿಪರ್ವ ತೆರೆಯಿರಿ. ನಾಗರ ತಾಯಿ ಯಾರು? ಕದ್ರು. ತಂದೆ? ಕಶ್ಯಪ. ಕದ್ರು ಸಾವಿರ ಮಕ್ಕಳನ್ನು ಬೇಡಿದಳು, ಸಾವಿರ ಮೊಟ್ಟೆ ಇಟ್ಟಳು, ಸಾವಿರ ನಾಗರು ಹೊರಬಂದರು. ಅನಂತನೂ ಅವಳ ಮಗ, ಕರ್ಕೋಟಕನೂ ಅವಳ ಮಗ. ಒಂದೇ ತಾಯಿ, ಒಂದೇ ತಂದೆ, ಒಂದೇ ಬಾಣಂತನ. ಹಾಗಾದರೆ ಒಂದು ಮೊಟ್ಟೆಯಿಂದ ಬ್ರಾಹ್ಮಣ, ಪಕ್ಕದ ಮೊಟ್ಟೆಯಿಂದ ಶೂದ್ರ ಹೇಗೆ ಬಂದ? ಹುಟ್ಟಿನಿಂದ ಜಾತಿ ಎಂದು ಸಾರಿದವರು ಇಲ್ಲಿ ಹುಟ್ಟನ್ನೇ ಮರೆತಿದ್ದಾರೆ. ಜಾತಿ ಹುಟ್ಟಿನಿಂದ ಬರುವುದಿಲ್ಲ, ಪಟ್ಟಿ ಬರೆಯುವವನ ಕೈಯಿಂದ ಬರ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಸಾಕ್ಷಿ ಹೇಳಿದ್ದು ಅವರದೇ ಪುಸ್ತಕ.

ಆ ಶೂದ್ರ ಕರ್ಕೋಟಕನ ಗತಿ ನೋಡಿ. ನಳನ ಕತೆಯಲ್ಲಿ ಅವನು ಕಾಡ್ಗಿಚ್ಚಿನಲ್ಲಿ ಸಿಕ್ಕಿಬಿದ್ದಿರುತ್ತಾನೆ. ನಳ ಎತ್ತಿ ಕಾಪಾಡುತ್ತಾನೆ. ಕರ್ಕೋಟಕ ನಳನನ್ನು ಕಚ್ಚುವುದು ಉಪಕಾರಕ್ಕೆ. ಆ ವಿಷ ಸುಡುವುದು ನಳನ ಮೈಯೊಳಗೆ ಹೊಕ್ಕಿದ್ದ ಕಲಿಯನ್ನು. ರೂಪ ಬದಲಾದ್ದರಿಂದ ನಳ ಯಾರಿಗೂ ಗುರುತು ಸಿಗದೆ ಬದುಕುತ್ತಾನೆ. ಕತೆಯಲ್ಲಿ ಇವನು ಹಿತವ. ಆದರೆ ನಮ್ಮ ಮಾತಿನಲ್ಲಿ 'ಕಾರ್ಕೋಟಕ ವಿಷ' ಎಂದರೆ ಮದ್ದಿಲ್ಲದ ವಿಷ. ಉಪಕಾರ ಮಾಡಿದವನ ಹೆಸರು ಬೈಗುಳವಾಯಿತು. ನಮ್ಮ ಕೇರಿಯ ಹೆಸರುಗಳೂ ಹೀಗೇ ಬೈಗುಳವಾದವಲ್ಲವೇ?

ಖಾಂಡವವನದ ಕತೆಯನ್ನೂ ಶಾಲೆಯಲ್ಲಿ ನಮಗೆ ವೀರರಸದಲ್ಲೇ ಪಾಠ ಮಾಡಿದರು. ಕೃಷ್ಣಾರ್ಜುನರು ಸುಟ್ಟ ಆ ಕಾಡು ತಕ್ಷಕನ ಬಳಗದ ಮನೆ. ಬೆಂಕಿ ಬಿದ್ದಾಗ ತಕ್ಷಕ ಊರಲ್ಲಿ ಇರಲಿಲ್ಲ. ಹೆಂಡತಿ ಮಗನನ್ನು ಉಳಿಸಲು ಹೋಗಿ ಸತ್ತಳು. ಎತ್ತಂಗಡಿ ಎಂದರೆ ಇದು. ಮುಂದೆ ತಕ್ಷಕ ಪರೀಕ್ಷಿತನನ್ನು ಕಚ್ಚಿದ್ದಕ್ಕೆ ಜನಮೇಜಯ ಇಡೀ ಕುಲವನ್ನೇ ಬೆಂಕಿಗೆ ಹಾಕಲು ಹೊರಟ. ಆ ಸರ್ಪಯಾಗ ನಿಲ್ಲಿಸಿದವನು ಆಸ್ತೀಕ. ತಾಯಿ ನಾಗರವಳು, ತಂದೆ ಬ್ರಾಹ್ಮಣ ಋಷಿ. ನಾಲ್ಕರ ಪಟ್ಟಿಯಲ್ಲಿ ಅವನನ್ನು ಯಾವ ಖಾನೆಗೆ ಹಾಕುತ್ತೀರಿ? ಕೊಲೆ ನಿಲ್ಲಿಸಲು ಖಾನೆಯಿಲ್ಲದವನೇ ಬರಬೇಕಾಯಿತು.

ಪುಸ್ತಕದ ಹಾವು ಸಾಕು. ನಮ್ಮೂರ ಹಾವಿಗೆ ಬರುವ.

ನಮ್ಮ ಮನೆ ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿ, ಹೆದ್ದಾರಿ ಬಿಟ್ಟು ಒಳಗೆ. ಧಣಿಗಳ ಗದ್ದೆಯ ಅಂಚಿಗೆ ಒಂದು ನಾಗಬನ. ನಾಗರಪಂಚಮಿಯ ಹಿಂದಿನ ದಿನ ಬನದ ದಾರಿಯ ಹುಲ್ಲು ಹೆರೆದು ಗುಡಿಸುವುದು ನಮ್ಮ ಅಜ್ಜಿಯ ಕೆಲಸ. ಮರುದಿನ ಅದೇ ದಾರಿಯಲ್ಲಿ ಹಾಲು, ಸೀಯಾಳ, ಹಿಂಗಾರ, ಕೇದಗೆ ಹೋಗುತ್ತಿತ್ತು. ನಾಗನಿಗೆ ತನು ಎರೆಯುವಾಗ ಅಜ್ಜಿ ಕಂಟದ ಆಚೆ ನಿಂತಿರುತ್ತಿದ್ದಳು. ಒಮ್ಮೆ ಚಿಕ್ಕವರಾದ ನಾವು ಎರಡು ಹೆಜ್ಜೆ ಮುಂದೆ ಹೋದಾಗ ಒಳಗಿನಿಂದ ದನಿ ಬಂತು: "ಏಯ್, ಅಲ್ಲೇ ನಿಲ್ಲು." ಅಜ್ಜಿ ನಮ್ಮ ರಟ್ಟೆ ಹಿಡಿದು ಎಳೆದು, "ತಪ್ಪಾಯ್ತು ಧಣಿಗಳೇ, ಮಗು" ಅಂದಳು. ಅದೇ ಮಳೆಗಾಲದಲ್ಲಿ ಬನದ ನಾಗರಹಾವು ನಮ್ಮ ಗುಡಿಸಲ ಮಾಡಿನ ಸೋಗೆಯಲ್ಲಿ ಮೂರು ದಿನ ಇತ್ತು. ಆಮೇಲೆ ಬನಕ್ಕೆ ವಾಪಸು ಹೋಯಿತು. ಅದಕ್ಕೆ ಮೈಲಿಗೆ ಆಗಲಿಲ್ಲ!

ಇನ್ನೊಂದು ನಡೆದದ್ದು. ಸುಗ್ಗಿ ಕೊಯ್ಲಿನಲ್ಲಿ ನಮ್ಮ ಚಿಕ್ಕಪ್ಪನ ಪಾದಕ್ಕೆ ಹಾವು ಕಚ್ಚಿತು. ಕೊಳಕುಮಂಡಲ, ಜೊತೆಯವರು ಕಣ್ಣಾರೆ ನೋಡಿದ್ದಾರೆ. ಮೊದಲು ಮಂತ್ರ, ಆಮೇಲೆ ಆಸ್ಪತ್ರೆ. ಜೀವ ಉಳಿಯಿತು, ಹೆಬ್ಬೆರಳು ಹೋಯಿತು. ಮನೆಗೆ ಬಂದ ಮೇಲೆ ಪ್ರಶ್ನೆ ಇಡಿಸಿದರು. ಉತ್ತರ ಬಂತು: ನಾಗದೋಷ, ಬನದ ಗಡಿ ತುಳಿದಿದ್ದೀರಿ, ಆಶ್ಲೇಷಾ ಬಲಿ ಆಗಬೇಕು. ಸಾಲ ಮಾಡಿ ಮಾಡಿಸಿದೆವು. ಕಚ್ಚಿದ್ದು ಕೊಳಕುಮಂಡಲ, ಕಾಣಿಕೆ ಹೋದದ್ದು ನಾಗರಹಾವಿಗೆ. ಆ ದಿನ ನಮಗೆ ಗೊತ್ತಾಯಿತು: ಜೀವಂತ ಹಾವುಗಳಲ್ಲೂ ನಮ್ಮೂರಿನಲ್ಲಿ ಜಾತಿ ಇದೆ. ನಾಗರಹಾವು ದಾರಿಯಲ್ಲಿ ಸತ್ತು ಬಿದ್ದರೆ ಕಟ್ಟಿಗೆ ಒಟ್ಟಿ, ಮಂತ್ರ ಹೇಳಿ ದಹನ ಮಾಡುತ್ತಾರೆ. ಕೇರೆಹಾವು, ನೀರೊಳ್ಳೆ, ಕಟ್ಟುಹಾವು ಕಂಡರೆ ದೊಣ್ಣೆ. ಒಂದಕ್ಕೆ ನಾಗಮಂಡಲ, ಇನ್ನೊಂದರ ಹೆಸರೇ ಕೊಳಕುಮಂಡಲ.

ವಿಂಗಡಿಸುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದಿಗೂ ನಾಲ್ಕು ಹಾವು ಲೆಕ್ಕ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಆದರೆ ಈ ನಾಲ್ಕರಲ್ಲಿ ಮೇಲಿನದು ಕೆಳಗಿನದು ಇಲ್ಲ. ನಾಲ್ಕಕ್ಕೂ ಒಂದೇ ಬಾಟಲಿಯಲ್ಲಿ ಮದ್ದು. 2024ರಲ್ಲಿ ವಿಜ್ಞಾನಿಗಳು ನಮ್ಮ ಪಶ್ಚಿಮಘಟ್ಟದ ಕಾಳಿಂಗಸರ್ಪ ಬೇರೆಯೇ ಒಂದು ಪ್ರಭೇದ ಎಂದು ತೋರಿಸಿ, ಅದಕ್ಕೆ 'ಕಾಳಿಂಗ' ಎಂಬ ಕನ್ನಡದ ಹೆಸರನ್ನೇ ಇಟ್ಟರು. ಅದು ಕೂಡ ವಿಂಗಡಣೆಯೇ. ಬೇರೆ ಎಂದು ಹೇಳುವುದು ಅರಿವು. ಕೀಳು ಎಂದು ಹೇಳುವುದು ಜಾತಿ. ಎರಡನ್ನು ಕಲಸಿದರೆ ಸಾಯುವವರು ಯಾರು? 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಬರಿಗಾಲಲ್ಲಿ ಗದ್ದೆಗೆ ಇಳಿಯುವವರು. ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು 2024ರಲ್ಲಿ. ಲೆಕ್ಕಕ್ಕೆ ಬರಲಿಕ್ಕೇ ನಮ್ಮವರ ಸಾವಿಗೆ ಇಷ್ಟು ಕಾಲ ಬೇಕಾಯಿತು.

ಆದರೆ ದೋಷದ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ. ನಾಗಮಂಡಲ ನೋಡಿದವರಿಗೆ ಗೊತ್ತು. ಐದು ಬಣ್ಣದ ಪುಡಿಯಲ್ಲಿ ಬರೆದ ಆ ಸುರುಳಿ, ಡಕ್ಕೆಯ ನಾದ, ಹಿಂಗಾರ ಹಿಡಿದ ಪಾತ್ರಿಯ ಆವೇಶ, ಸುತ್ತ ಕುಣಿಯುವ ವೈದ್ಯರು. ಚೆಂದವಿದೆ, ಇಲ್ಲ ಎನ್ನುವುದಿಲ್ಲ. ನಾವೂ ಬೆಳಗಿನ ತನಕ ನಿಂತು ನೋಡಿದ್ದೇವೆ. ಅದರಲ್ಲೂ ಅಷ್ಟಪವಿತ್ರ, ಷೋಡಶಪವಿತ್ರ ಎಂದು ಚೀಲದ ಭಾರಕ್ಕೆ ತಕ್ಕ ಗಂಟು. ಇತ್ತ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಗೆ ಬ್ರಾಹ್ಮಣರು ಉಂಡ ಎಲೆಯ ಮೇಲೆ ಜನ ಉರುಳುತ್ತಿದ್ದರು, ಚರ್ಮರೋಗ ವಾಸಿಯಾಗುತ್ತದೆ ಎಂದು. ಉಡುಪಿಯ ಕೃಷ್ಣಮಠದಲ್ಲಿ ಅದನ್ನು ನಿಲ್ಲಿಸಿದ್ದು 2018ರ ಡಿಸೆಂಬರಿನಲ್ಲಿ. ಮಡೆಸ್ನಾನವನ್ನೂ ಸೇರಿಸಿ ನಿಷೇಧಿಸಿದ 2017ರ ಮೌಢ್ಯವಿರೋಧಿ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಕೊರಗರಿಗೆ ಕೂದಲು-ಉಗುರು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಪೀಡೆ ಅವರಿಗೆ ದಾಟಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ 2000ದ್ದು. ಇವೆಲ್ಲದರ ಹಿಂದೆ ಇರುವ ಸಿದ್ಧಾಂತ ಒಂದೇ: ವಿಷ ಮೇಲಿನಿಂದ ಕೆಳಗೆ ಇಳಿಯಬೇಕು, ಪ್ರಸಾದವೆಂಬ ಹೆಸರಿನಲ್ಲಿ ಎಂಜಲೂ ಮೇಲಿನಿಂದ ಕೆಳಗೆ ಇಳಿಯಬೇಕು. ಹಾವಿನ ಜಾತಿಪಟ್ಟಿ ಈ ಏಣಿಯ ಒಂದು ಮೆಟ್ಟಿಲು ಅಷ್ಟೇ.

ಕಾರ್ಕಳದ ಕಡೆ ಕಲ್ಲುಕೋರೆಯಲ್ಲಿ ನಮ್ಮ ಮಾವ ಕೆಲಸ ಮಾಡುತ್ತಿದ್ದರು. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಊರು. ಇವತ್ತಿಗೂ ಅಲ್ಲಿ ಶಿಲ್ಪಿಗಳಿದ್ದಾರೆ, ನಾಗನ ಕಲ್ಲು ಕಡೆಯುತ್ತಾರೆ. ಮಾವ ಬಂಡೆ ಒಡೆದರು, ಹೆಗಲು ಕೊಟ್ಟು ಲಾರಿಗೆ ಏರಿಸಿದರು. ಅದು ಹೆಡೆಯಾಗಿ ಬನದಲ್ಲಿ ಕೂತ ಮೇಲೆ ಅವರು ಮುಟ್ಟುವ ಹಾಗಿಲ್ಲ. ಈಗಂತೂ ಬನದ ಮರ ಕಡಿದು ಸಿಮೆಂಟು ಕಟ್ಟೆ ಕಟ್ಟುತ್ತಿದ್ದಾರೆ. ಕಲ್ಲಿನ ಹಾವಿಗೆ ಟೈಲ್ಸ್, ಜೀವದ ಹಾವಿಗೆ ನೆರಳಿಲ್ಲ. ಬಸವಣ್ಣ ಕಲ್ಲಿನ ಹಾವನ್ನೂ ಜೀವದ ಹಾವನ್ನೂ ಎದುರೆದುರು ಇಟ್ಟು ನಮ್ಮನ್ನು ತಿವಿದು ಎಂಟು ಶತಮಾನ ದಾಟಿತು. ಅವನು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕಾಗಿದೆ: ಕಲ್ಲು ಒಡೆದವನು ಎಲ್ಲಿ?

ನಮ್ಮ ಕಾಲದ ಸಾಹಿತ್ಯವಾದರೂ ಈ ಪ್ರಶ್ನೆ ಕೇಳಿತೇ? ಗಿರೀಶ ಕಾರ್ನಾಡರ 'ನಾಗಮಂಡಲ' 1980ರ ದಶಕದ ಕೊನೆಯಲ್ಲಿ ಬಂತು, 1997ರಲ್ಲಿ ಸಿನಿಮಾ ಆಯಿತು. ಬೀಗ ಹಾಕಿದ ಮನೆಯೊಳಗಿನ ಹೆಣ್ಣಿನ ಸಂಕಟಕ್ಕೆ ಅದು ಕೊಟ್ಟ ದನಿಯನ್ನು ನಾವು ಗೌರವಿಸುತ್ತೇವೆ. ಆದರೆ ಕೇರಿಯಿಂದ ಬಂದವರಾಗಿ ಓದುವಾಗ ಒಂದು ಕಡೆ ಕಣ್ಣು ನಿಲ್ಲುತ್ತದೆ. ನಾಗ ಬಚ್ಚಲ ಮೋರಿಯಿಂದ ಒಳಗೆ ಬಂದು ಗಂಡನ ರೂಪ ತಾಳುತ್ತಾನೆ. ಮೋರಿಯಿಂದ ಬಂದ ಹಾವಿಗೆ ಒಳಮನೆ, ಹಾಸಿಗೆ ಎಲ್ಲ ಸಿಕ್ಕಿತು. ನಮ್ಮವನು ಹೆಬ್ಬಾಗಿಲಿನಿಂದ ಬಂದು ಜಗಲಿ ಹತ್ತಿದ್ದರೆ? ಆ ಕತೆ ಬರೆಯುವವರು ನಾವೇ ಆಗಬೇಕು.

ಹಾಗಂತ ನಮ್ಮ ಬಂಡಾಯದ ಗೆಳೆಯರೂ ಎದೆಯುಬ್ಬಿಸಬೇಕಾಗಿಲ್ಲ. ನಾವು ಬರೆದ ಮೊದಲ ಪದ್ಯದಲ್ಲೇ ಮನುವಾದಿಗಳನ್ನು 'ವಿಷಸರ್ಪ' ಎಂದು ಬೈದಿದ್ದೆವು. ಚಪ್ಪಾಳೆ ಬಿತ್ತು. ಇವತ್ತು ಓದಿದರೆ ನಾಚಿಕೆ ಆಗ್ತದೆ. ಹಾವು ಏನು ಪಾಪ ಮಾಡಿತ್ತು? ಶತ್ರುವನ್ನು ಬೈಯಲು ಶತ್ರುವಿನ ಪಟ್ಟಿಯಿಂದಲೇ ಶಬ್ದ ಕಡ ತಂದಿದ್ದೆವು. ಇನ್ನು ಕೆಲವರು ಇದರ ತಿರುಗಿ ಹೇಳುತ್ತಾರೆ: "ನಾವು ನಾಗವಂಶದವರು, ನಮ್ಮ ರಕ್ತವೇ ಮೂಲ." ಅಂಬೇಡ್ಕರ್ ಹೆಸರನ್ನೂ ಹೇಳುತ್ತಾರೆ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ನಾಗರು ಮತ್ತು ದ್ರಾವಿಡರು ಒಂದೇ ಜನ ಎಂದು ವಾದಿಸಿದ್ದು ನಿಜ. 1956ರ ಅಕ್ಟೋಬರಿನಲ್ಲಿ ಧಮ್ಮದೀಕ್ಷೆಗೆ ನಾಗಪುರವನ್ನು ಆರಿಸಿದ್ದಕ್ಕೆ, ಬುದ್ಧನ ಮಾತನ್ನು ಹರಡಿದ ನಾಗಜನರ ನೆಲ ಅದು ಎಂದು ಕಾರಣ ಕೊಟ್ಟದ್ದೂ ನಿಜ. ಆದರೆ ಆ ಅಧ್ಯಾಯ ಪೂರ್ತಿ ಓದಿ. ಮೂಗಿನ ಅಳತೆಯ ಅಂಕಿಗಳನ್ನು ಮುಂದಿಟ್ಟು ಅವರು ಮುಟ್ಟುವ ತೀರ್ಮಾನ ಏನು? ಬ್ರಾಹ್ಮಣ ಮತ್ತು ಅಸ್ಪೃಶ್ಯ ಬೇರೆ ಬೇರೆ ಜನಾಂಗ ಅಲ್ಲ. ಅಸ್ಪೃಶ್ಯತೆಗೆ ರಕ್ತ ಕಾರಣ ಅಲ್ಲ. ನಾಗರ ಚರಿತ್ರೆಯನ್ನು ಅವರು ತೆರೆದದ್ದು ರಕ್ತದ ಮಾತನ್ನು ಮುಗಿಸಲಿಕ್ಕೆ. ನಾವು ಅದೇ ಚರಿತ್ರೆಯಿಂದ ಹೊಸ 'ಶುದ್ಧರಕ್ತ' ಹುಟ್ಟಿಸಿದರೆ ಆ ಅಮೆರಿಕದ ಆಟದ ಹಾವಿಗೂ ನಮಗೂ ವ್ಯತ್ಯಾಸ ಏನು? ಕದ್ರುವಿನ ಸಾವಿರ ಮೊಟ್ಟೆಯಲ್ಲಿ ನಮ್ಮದೇ ದೊಡ್ಡದು ಎಂದು ಜಗಳ ಆಡಿದ ಹಾಗೆ.

ಹಾಗಾದರೆ ನಮ್ಮ ಹಾವು ಯಾವುದು? ಕುಂದಾಪುರದ ಕಡೆ ಮೇರ ಸಮುದಾಯದವರು ಕಾಡ್ಯನಾಟ ನಡೆಸುತ್ತಾರೆ. ಅದೂ ನಾಗಾರಾಧನೆಯೇ. ಎ.ವಿ. ನಾವಡ, ಗಾಯತ್ರಿ ನಾವಡ ಅದನ್ನು ದಾಖಲಿಸಿದ್ದಾರೆ. ಅಲ್ಲಿ ಪುರೋಹಿತ ಹೊರಗಿನಿಂದ ಬರಬೇಕಾಗಿಲ್ಲ. ಹಾಡುವವರು, ಕುಣಿಯುವವರು, ದೈವವನ್ನು ಮಾತಾಡಿಸುವವರು ನಮ್ಮವರೇ. ಅದನ್ನು ಪೂಜೆಯಾಗಿ ಒಪ್ಪಬೇಕೋ ಬಿಡಬೇಕೋ, ಅದು ಅವರವರ ವಿಚಾರ. ನಮಗೆ ಅದು ಒಂದು ಪಠ್ಯವಾಗಿ ಮುಖ್ಯ. ಯಾಕೆಂದರೆ ಅಕ್ಷರ ಸಿಗದವರೂ ಹಾವಿನ ಬಗ್ಗೆ ಕಲ್ಪನೆ ಮಾಡಿದ್ದಾರೆ, ಲೋಕ ಕಟ್ಟಿದ್ದಾರೆ. ಉಡುಪಿಯ ನಾಗಮಂಡಲದ ಮೇಲೆ ಎಷ್ಟು ಪುಟ ಬಂದಿವೆ, ಕಾಡ್ಯನಾಟದ ಮೇಲೆ ಎಷ್ಟು ಬಂದಿವೆ ಅಂತ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕಪಾಟು ತೆರೆದು ನೋಡಿ. ಪುಸ್ತಕದ ಕಪಾಟಿನಲ್ಲೂ ಕಂಟ ಇದೆ ಅಂತ ಕಾಣ್ತದೆ.

ಹಳ್ಳಿಶಾಲೆಯ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನಮ್ಮದೊಂದು ಕೋರಿಕೆ. ಖಾಂಡವವನದ ಪಾಠ ಬಂದಾಗ ಸುಟ್ಟವರ ಹೆಸರಿನ ಜೊತೆಗೆ ಸತ್ತವರ ಕತೆಯನ್ನೂ ಹೇಳಿ. ನಾಗರಪಂಚಮಿಯ ಮಾರನೆಯ ದಿನ ಮಕ್ಕಳಿಗೆ ನಾಲ್ಕು ವಿಷದ ಹಾವಿನ ಚಿತ್ರ ತೋರಿಸಿ, ಕಚ್ಚಿದರೆ ನೇರ ಆಸ್ಪತ್ರೆಗೆ ಹೋಗಬೇಕೆಂದು ಕಲಿಸಿ. ಮಂತ್ರಕ್ಕೆ ಕಳೆದ ಎರಡು ಗಂಟೆಯ ಬೆಲೆ ನಮ್ಮ ಚಿಕ್ಕಪ್ಪನ ಹೆಬ್ಬೆರಳು. ಬರೆಯುವ ಹುಡುಗ-ಹುಡುಗಿಯರಲ್ಲಿ ಇನ್ನೊಂದು ಕೋರಿಕೆ. ಹೊಸ ಲೋಕ ಕಟ್ಟಿ, ಹಾವಿನದೇ ಕಟ್ಟಿ. ಆದರೆ ಮೊದಲ ಸಾಲು ಬರೆಯುವ ಮುಂಚೆ ಒಂದು ಸಲ ನೋಡಿಕೊಳ್ಳಿ, ಕೈಗೆ ಹಳೇ ಪಟ್ಟಿ ಅಂಟಿಕೊಂಡು ಬಂದಿದೆಯೋ ಏನೋ.

ಮಣಿಪಾಲದ ಆ ಕೋಣೆಯಲ್ಲಿ ಆಟ ಮುಗಿಯುವ ಹೊತ್ತಿಗೆ ಆ ಹುಡುಗ ಮತ್ತೆ ಕೇಳಿದ: "ಕಡೆಗೂ ಹೇಳ್ಲಿಲ್ಲ ನೀವು, ಯಾವ ಜಾತಿಯ ಹಾವು ಅಂತ." ನಾವು ಕದ್ರುವಿನ ಕತೆ ಹೇಳಿದೆವು. ಸಾವಿರ ಮೊಟ್ಟೆ, ಒಂದೇ ತಾಯಿ. ಹುಡುಗರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ ಹೇಳಿದ: "ಹಾಗಾದ್ರೆ ಈ ಆಟದ ರೂಲ್ಸ್ ಬದಲಿಸ್ಬೇಕಾಗ್ತದಲ್ಲ."

ಹೌದು ಮಾರಾಯಾ. ಬದಲಿಸಬೇಕು.